ಏಳನೆಯ ಕಲ್ಲು

ಆರನೆಯ ಕಂತು

“ಆ ಕಿಟಕಿ ಸ್ವಲ್ಪ ತೆಗೀತೀಯೇನಮ್ಮ?”

“ಬರಲ್ಲ ಸಾರ್. ಮೊಳೆ ಹೊಡೆದಿದೆ.”

“ಇನ್ನೊಂದು?”

“ಅದಕ್ಕೂ ಹೊಡೆದಿದೆ.”

ತನಿಖಾಧಿಕಾರಿ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ವಿಮಾನದ ರೆಕ್ಕೆಗೆ ಬಟ್ಟೆ ಹೊಲಿದು ವಾರ್ನಿಷ್ ಬಳಿಯುವ ಕೋಣೆ ಅದು. ಹಸಿ ವಾರ್ನಿಷ್ ಮೇಲೆ ಚಿಟಿಕೆ ಧೂಳು ಕೂತರೂ ಬಟ್ಟೆ ಗಂಟುಗಂಟಾಗುತ್ತದೆಂದು ಗಾಳಿಗೆ ದಾರಿಯನ್ನೇ ಇಟ್ಟಿರಲಿಲ್ಲ. ಹೊಸಬರಿಗೆ ಹತ್ತು ನಿಮಿಷದಲ್ಲಿ ತಲೆ ಸುತ್ತುತ್ತಿತ್ತು. ಅವರ ಎದುರಿಗೆ ಕೂತ ಸೂಜಿಗೆ ಒಂಬತ್ತು ವರ್ಷದ ಅಭ್ಯಾಸ. ಆದರೆ ಇಂದು ಅವಳಿಗೂ ಉಸಿರು ಕಟ್ಟುತ್ತಿತ್ತು. ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಪೇದೆಯೊಬ್ಬ ನಿಂತಿದ್ದ. ಅವನ ಬೂಟಿನ ನೆರಳು ಬಾಗಿಲ ಕೆಳಗಿನ ಸಂದಿಯಲ್ಲಿ ಅತ್ತಿತ್ತ ಆಡುತ್ತಿತ್ತು.

ಸೂಜಿ ಎನ್ನುವುದು ವಿಮಾನ ನಿಲ್ಲಿಸುವ ಹ್ಯಾಂಗರ್‌ನವರು ಇಟ್ಟ ಹೆಸರು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಸೋದರಮಾವನ ಬೆನ್ನಿಗೆ ಅಂಟಿಕೊಂಡು ಇಲ್ಲಿಗೆ ಬಂದವಳು ರೆಕ್ಕೆ ಹೊಲಿಯಲು ಕೂತಳು. ಮೈಯೂ ಸಣ್ಣ, ಮಾತೂ ಸಣ್ಣ. ನಾಲ್ಕು ಜನ ಸೇರಿದ ಕಡೆ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಎದುರಿಗೆ ಕೂತವರಿಗೂ ಹ್ಯಾಂಗರ್ ಆಗಲೇ ಹೆಸರಿಟ್ಟಿತ್ತು. ಬಂದವರೇ ಬೂಟು ಕಾಲುಚೀಲ ಕಳಚಿ, ಪ್ಯಾಂಟು ಮಡಿಸಿ, ಸುಡುವ ರನ್‌ವೇ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಿದ್ದರು. “ಪಾಪ, ಸರ್ಕಾರದವರು ಬೂಟು ಕೊಟ್ಟಿದ್ದು ನೆನಪಿಗೆ ಇಟ್ಕೊಳ್ಳೋಕೆ ಅನ್ಸುತ್ತೆ,” ಎಂದಿದ್ದ ರೇಡಿಯೋ. ಅಲ್ಲಿಗೆ ಅವರು ಬರಿಗಾಲು ಸಾಹೇಬರಾದರು. ರೇಡಿಯೋ ಎಂದರೆ ಗೋಪುರದ ಮೇಲಿನ ಕೋಣೆಯಲ್ಲಿ ಕೂತು ವಿಮಾನಗಳ ಜೊತೆ ಮಾತಾಡುವವನು. ವಿಮಾನ ಇಲ್ಲದಾಗಲೂ ಮಾತು ನಿಲ್ಲುತ್ತಿರಲಿಲ್ಲವಾದ್ದರಿಂದ ಆ ಹೆಸರು.

ಬೆಳಿಗ್ಗೆ ಏಳು ಗಂಟೆ ಎರಡು ನಿಮಿಷಕ್ಕೆ ಸೂಜಿಯ ಅಣ್ಣ ಇಳಿಸುತ್ತಿದ್ದ ಪುಟ್ಟ ವಿಮಾನ ಏನನ್ನೋ ತಪ್ಪಿಸಲು ಹೋಗಿ ರನ್‌ವೇ ಬಿಟ್ಟು ಹೊರಳಿ ಮೋರಿಯ ಕಲ್ಲುಕಟ್ಟೆಗೆ ಬಡಿದು ಬೆಂಕಿ ಹತ್ತಿತ್ತು. ಅಣ್ಣ ಹಿಂದಿನ ದಿನವೇ ಹೋಗಿ ಕರೆತರುತ್ತಿದ್ದ ವಿಮಾನ ಶಾಲೆಯ ಯಜಮಾನರು ಕೂತಲ್ಲೇ ಪ್ರಾಣ ಬಿಟ್ಟಿದ್ದರು.

“ನಿಮ್ಮಣ್ಣ ಆಪರೇಷನ್‌ಗೆ ಹೋಗೋ ಮುಂಚೆ ಹೇಳಿದ್ದು ಒಂದೇ ಮಾತು,” ಎಂದರು ಬರಿಗಾಲು ಸಾಹೇಬರು. “ಎದುರಿಗೆ ಕೆಂಪಗಿನ ಏನೋ ಅಡ್ಡ ನಿಂತಿತ್ತು, ಏನಂತ ಗೊತ್ತಾಗ್ಲಿಲ್ಲ ಅಂತ. ಹುಡುಕಿದ್ರೆ ರನ್‌ವೇ ಮೇಲೆ ಒಂದು ಕೆಂಪು ದಾರವೂ ಇಲ್ಲ. ಸಂಜೆಯೊಳಗೆ ನಾನು ಇನ್ನೇನೂ ತೋರಿಸದೇ ಹೋದ್ರೆ ವಾರ್ಡಿನ ಬಾಗಿಲಲ್ಲಿರೋ ಪೊಲೀಸು ಒಳಗೆ ಹೋಗ್ತಾನೆ. ಅಜಾಗರೂಕತೆಯಿಂದ ಸಾವು. ಅರ್ಥ ಆಯ್ತಲ್ಲ?”

“ನಮ್ಮಣ್ಣ ಸುಳ್ಳು ಹೇಳಲ್ಲ ಸಾರ್.”

“ಎಲ್ಲಾ ತಂಗಿಯರೂ ಹೀಗೇ ಹೇಳ್ತಾರೆ. ನನ್ನ ತಂಗೀನೂ ಹೇಳ್ತಾಳೆ. ನಾನು ಎಂಥ ಸುಳ್ಳುಗಾರ ಅಂತ ನನಗೆ ಗೊತ್ತು.” ಅವರು ನಗಲಿಲ್ಲ. “ಬೆಂಕಿ ಆರಿಸೋ ಗಾಡಿ ಯಾರು ತಂದ್ರು?”

ಸೂಜಿ ತಲೆ ಎತ್ತಿದಳು. ಎರಡು ಚಕ್ರದ ಮೇಲೆ ಉದ್ದನೆಯ ಸಿಲಿಂಡರು, ಎಳೆಯಲು ಒಂದು ಕಬ್ಬಿಣದ ಹಿಡಿ; ಹ್ಯಾಂಗರ್ ಬಾಗಿಲ ಪಕ್ಕ ಇರುತ್ತಿದ್ದ ಆ ಗಾಡಿಯನ್ನು ಅವಳು ಬೆಳಿಗ್ಗೆ ಮುರಿದ ರೆಕ್ಕೆಯ ಪಕ್ಕದಲ್ಲಿ ನೋಡಿದ್ದಳು. ನೋಡಿ, ಸದ್ಯ ಬಂತಲ್ಲ ಅಂದುಕೊಂಡಿದ್ದಳು. ಅಷ್ಟೇ.

“ಮೇಸ್ತ್ರಿಗಳು ತಂದ್ರು ಸಾರ್.”

“ಕಣ್ಣಾರೆ ನೋಡಿದ್ಯಾ?”

“…ಇಲ್ಲ.”

“ರೇಡಿಯೋನೂ ಮೇಸ್ತ್ರಿ ತಂದ್ರು ಅಂತಾನೆ, ಅವನೂ ನೋಡಿಲ್ಲ. ಸಾರ್, ನಾನು ಮೇಲೆ ಕೂತಿರೋದು ಮಾತಾಡೋಕೆ, ನೋಡೋಕಲ್ಲ ಅಂದ. ರನ್‌ವೇ ನಡುವೆ ಉಬ್ಬಿರೋ ದಿಬ್ಬದ ಆಚೆ ಕಾಣೋದೂ ಇಲ್ಲವಂತೆ. ಯಜಮಾನರ ಅಳಿಯ ಮೊದಲು ಓಡಿಹೋದವರು. ಅವರು ಹೋದಾಗ ಗಾಡಿ ಅಲ್ಲೇ ಇತ್ತಂತೆ, ಯಾರೋ ಪುಣ್ಯಾತ್ಮರು ತಂದಿದ್ರು ಅಂತಾರೆ. ಮೇಸ್ತ್ರಿಯನ್ನ ಕೇಳಿದ್ರೆ, ಹೌದು ಸಾರ್, ಹ್ಯಾಂಗರ್‌ನಿಂದ ನಾನೇ ಎಳೆದು ತಂದೆ ಅಂದ್ರು.”

“ಹಾಗಿದ್ರೆ ಸರಿಯಾಯ್ತಲ್ಲ ಸಾರ್.”

“ಮಧ್ಯಾಹ್ನ ಇಬ್ಬರು ಗಟ್ಟಿ ಪೇದೆಗಳ ಕೈಲಿ ಅದೇ ಗಾಡಿ ಎಳೆಸಿದೆ. ಹ್ಯಾಂಗರ್ ಬಾಗಿಲಿಂದ ಮೋರಿವರೆಗೆ ಒಂಬತ್ತು ನಿಮಿಷ. ಒಬ್ಬ ಇನ್ನೂ ಸೊಂಟ ಹಿಡ್ಕೊಂಡು ಕೂತಿದ್ದಾನೆ.” ಅವರು ಜೇಬಿನಿಂದ ಚೀಟಿ ತೆಗೆದರು. “ವಿಮಾನ ಬಡಿದಿದ್ದು ಏಳು ಎರಡು. ಬೆಂಕಿ ಆರಿತು ಅಂತ ರೇಡಿಯೋ ಬರೆದದ್ದು ಏಳು ಆರು.”

ನಾಲ್ಕು ನಿಮಿಷ.

ಸೂಜಿಯ ಕೈ ರೆಕ್ಕೆಯ ಮರದ ಅಂಚನ್ನು ಹಿಡಿಯಿತು. ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. “ಹಾಗಾದ್ರೆ ಗಾಡಿ ಮೊದಲೇ ಅಲ್ಲಿತ್ತು!”

“ಅಲ್ಲಿತ್ತು.”

“ಅಣ್ಣ ಕಂಡಿದ್ದು ಅದನ್ನೇ! ಕೆಂಪಗಿದೆಯಲ್ಲ ಸಾರ್ ಅದು! ಎಲ್ಲರ ಕಣ್ಣೆದುರೇ ಇತ್ತು. ಬೆಂಕಿ ಬಿದ್ದ ಕಡೆ ಬೆಂಕಿ ಆರಿಸೋ ಗಾಡಿ ಇದ್ರೆ ಯಾರು ಏನು ಅನ್ಕೋತಾರೆ?”

“ಯಾರೂ ಏನೂ ಅನ್ಕೊಳ್ಳಲ್ಲ,” ಎಂದರು ಬರಿಗಾಲು ಸಾಹೇಬರು. “ನಾನೂ ಬೆಳಿಗ್ಗೆ ಅದರ ಮೇಲೆ ನನ್ನ ಬೂಟು ಇಟ್ಟು ಹೋಗಿದ್ದೆ.”

ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಗಿ ಸೂಜಿಯ ಕಣ್ಣು ತುಂಬಿಕೊಂಡಿತು. ಆ ಸಂತೋಷ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ಗಾಡಿ ಮೊದಲೇ ಅಲ್ಲಿದ್ದರೆ, ಹ್ಯಾಂಗರ್‌ನಿಂದ ತಂದೆ ಎಂದ ಮೇಸ್ತ್ರಿ ಸುಳ್ಳು ಹೇಳಿದ್ದಾರೆ.

ಮೇಸ್ತ್ರಿ ಅವಳ ಸೋದರಮಾವ.

ಬರಿಗಾಲು ಸಾಹೇಬರು ಕಾಲಬುಡದಿಂದ ಒಂದು ತಗಡಿನ ಡಬ್ಬಿ ಎತ್ತಿ, ರೆಕ್ಕೆಯ ಪಕ್ಕದ ಮೇಜಿನ ಮೇಲೆ ಬೋರಲು ಹಾಕಿದರು. ಬಟಾಣಿ ಗಾತ್ರದ, ಕಡಲೆ ಗಾತ್ರದ ಕಲ್ಲುಗಳು ಉರುಳಿದವು. ಅವರು ಬೆರಳಿನಿಂದ ಒಂದೊಂದಾಗಿ ಸಾಲಿಗೆ ಜೋಡಿಸಿದರು.

“ಇದರ ವಿಷಯ ನೀನೇ ಹೇಳು. ರೇಡಿಯೋ ಅರ್ಧ ಗಂಟೆ ಹೇಳಿದ. ನನಗೆ ಅವನ ಮದುವೆ ಕಥೆ ಅರ್ಥ ಆಯ್ತು, ಇದು ಆಗಲಿಲ್ಲ.”

ಸೂಜಿ ನಿಧಾನವಾಗಿ ಹೇಳಿದಳು. ಬೆಳಗಿನ ಮೊದಲ ವಿಮಾನಕ್ಕೆ ಮುಂಚೆ ಏಳು ಜನ ರನ್‌ವೇ ಅಡ್ಡಕ್ಕೆ ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ತಲೆ ಬಗ್ಗಿಸಿ ತಮ್ಮ ಪಟ್ಟಿಯ ಕಲ್ಲು, ಮೊಳೆ ಆಯುತ್ತ ಆ ತುದಿಯವರೆಗೆ ನಡೆಯುತ್ತಾರೆ. ಒಂದು ಕಲ್ಲು ಎಗರಿದರೆ ಸಾಕು, ಬಟ್ಟೆಯ ರೆಕ್ಕೆ ಹರಿದುಹೋಗುತ್ತದೆ. ಆ ತುದಿಯಲ್ಲಿ ಡಬ್ಬಿ ಇರುತ್ತದೆ. ಪಟ್ಟಿಯಲ್ಲಿ ಏನೂ ಸಿಗದಿದ್ದರೂ ಅಂಚಿನಿಂದಲಾದರೂ ಒಂದು ಕಲ್ಲು ತಂದು ಹಾಕಲೇಬೇಕು. ನಾನು ಕೊನೆಯವರೆಗೆ ನಡೆದೆ ಎಂಬುದಕ್ಕೆ ಅದೇ ರುಜು. ಹೆಚ್ಚು ಸಿಕ್ಕಿದ್ದನ್ನು ಬೇರೆ ಚೀಲಕ್ಕೆ, ಡಬ್ಬಿಗೆ ಒಂದೇ. ಡಬ್ಬಿ ಗೋಪುರಕ್ಕೆ ಹೋಗುತ್ತದೆ. ರೇಡಿಯೋ ಏಳು ಎಣಿಸಿದ ಮೇಲೆಯೇ ಮೇಲಿನ ವಿಮಾನಕ್ಕೆ ರನ್‌ವೇ ಖಾಲಿ ಇದೆ ಇಳಿಯಬಹುದು ಎನ್ನುತ್ತಾನೆ. ಯಜಮಾನರ ತಂದೆ ದೊಡ್ಡ ಯಜಮಾನರು ಇದನ್ನು ಶುರು ಮಾಡಿದಾಗ ಸೂಜಿ ಹುಟ್ಟಿರಲಿಲ್ಲ.

“ನಡೆಯುವಾಗ ಹಿಂದೆ ತಿರುಗಿ ನೋಡ್ತೀರಾ?”

“ಇಲ್ಲ ಸಾರ್. ಯಾಕೆ ನೋಡ್ಬೇಕು? ಕಲ್ಲು ಇರೋದು ಮುಂದೆ.”

“ವಾಪಸ್ ರನ್‌ವೇ ಮೇಲೇ ಬರ್ತೀರಾ?”

“ಇಲ್ಲ. ಬೇಲಿ ಪಕ್ಕದ ಕಾಲುದಾರೀಲಿ.”

“ಅಂದ್ರೆ ಸಾಲು ದಿಬ್ಬ ದಾಟಿದ ಮೇಲೆ ಹಿಂದೆ ಯಾರು ಏನು ತಂದು ನಿಲ್ಲಿಸಿದ್ರೂ ಕಾಣಲ್ಲ.” ಅವರು ಏಳು ಕಲ್ಲುಗಳ ಮೇಲೆ ಬೆರಳು ಆಡಿಸಿದರು. “ಗೇಟಿಗೆ ಕಾವಲಿದೆ, ಹೊರಗಿನವರು ಬಂದಿಲ್ಲ. ಒಳಗಿದ್ದವರು ರೇಡಿಯೋ ಮತ್ತು ಯಜಮಾನರ ಅಳಿಯನೂ ಸೇರಿ ಸಾಲಿನ ನೀವು ಏಳು ಜನ. ರೇಡಿಯೋ ಮೈಕ್ ಬಿಟ್ಟು ಏಳಲ್ಲ. ಏಳು ಜನವೂ ಕಲ್ಲು ಹಾಕಿದ್ದೀರಿ, ಏಳು ಜನವೂ ಕೊನೆ ಮುಟ್ಟಿದ್ದೀರಿ. ಹಾಗಾಗಿ ಗಾಡಿ ಇಟ್ಟವರು ಯಾರೂ ಇಲ್ಲ. ಇಟ್ಟವರಿಲ್ಲ ಅಂದ್ರೆ ಗಾಡಿ ಇರಲಿಲ್ಲ. ಗಾಡಿ ಇರಲಿಲ್ಲ ಅಂದ್ರೆ ನಿಮ್ಮಣ್ಣ ಸುಳ್ಳುಗಾರ. ಬೆಳಿಗ್ಗೆಯಿಂದ ನಾನು ಗಾಣದ ಎತ್ತಿನ ಹಾಗೆ ಇದರ ಸುತ್ತಲೇ ಸುತ್ತುತ್ತಾ ಇದ್ದೀನಮ್ಮ.”

ಸೂಜಿ ಆ ಕಲ್ಲುಗಳನ್ನೇ ನೋಡಿದಳು.

“ಈ ಏಳರಲ್ಲಿ ಒಂದು ಸುಳ್ಳಾದ್ರೆ ನಿಮ್ಮಣ್ಣ ಬಚಾವು. ಏಳೂ ನಿಜವಾದ್ರೆ ಜೈಲು. ನಾನು ಬೇರೆ ಆರು ಜನಾನ ಕೇಳಿದೆ. ಎಲ್ಲರೂ ನೆಲ ನೋಡ್ಕೊಂಡೇ ನಡೆದಿದ್ದೀರಿ, ಪಕ್ಕದವರ ಮುಖ ಯಾರೂ ನೋಡಿಲ್ಲ.” ಅವರು ಕುರ್ಚಿಯನ್ನು ಹತ್ತಿರಕ್ಕೆಳೆದರು. “ಆದ್ರೆ ನಿನ್ನ ಬಗ್ಗೆ ಎಲ್ಲರೂ ಒಂದು ಮಾತು ಹೇಳಿದ್ರು. ಅವಳು ಮಾತಾಡಲ್ಲ ಸಾರ್, ನೋಡ್ತಾಳೆ ಅಂತ.”

ವಾರ್ನಿಷ್ ವಾಸನೆ ಗಂಟಲಿಗೆ ಇಳಿಯಿತು. ಹೊರಗೆ ಹ್ಯಾಂಗರ್‌ನ ಸಿಮೆಂಟ್ ನೆಲದ ಮೇಲೆ ಯಾರೋ ನಡೆಯುತ್ತಿದ್ದರು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆತ. ಒಂದು ಗಟ್ಟಿ, ಒಂದು ಎಳೆತ. ಬಾಗಿಲ ಹತ್ತಿರ ಬಂದು ನಿಂತಿತು.

“ಪುಟ್ಟೀ,” ಎಂದಿತು ಮಾವನ ದನಿ. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಸಾರ್, ಆ ಮಗೂನ ಒಂದ್ಚೂರು ಊಟಕ್ಕಾದ್ರೂ ಬಿಡಿ ಸಾರ್.”

“ಆಮೇಲೆ,” ಎಂದ ಪೇದೆ. ಹೆಜ್ಜೆಗಳು ದೂರ ಹೋಗಲಿಲ್ಲ.

ತಾಯಿ ತೀರಿಕೊಂಡಾಗ ಅಣ್ಣನಿಗೆ ಹನ್ನೆರಡು, ಅವಳಿಗೆ ಆರು. ಮಾವ ಇಬ್ಬರನ್ನೂ ತನ್ನ ಒಂದು ಕೋಣೆಯ ಮನೆಗೆ ಕರೆತಂದ. ಮನೆಯಲ್ಲಿದ್ದದ್ದು ಎರಡು ತಟ್ಟೆ. ಅವೆರಡನ್ನೂ ಇವರ ಮುಂದಿಟ್ಟು ತಾನು ಪಾತ್ರೆಯಲ್ಲೇ ಕಲಸಿಕೊಂಡು ತಿಂದ. ಆಮೇಲೆ ತಟ್ಟೆಗಳು ಬಂದವು, ಆದರೆ ಮಾವನ ಪಾತ್ರೆಯೂಟ ತಪ್ಪಲಿಲ್ಲ. ಮದುವೆಯ ಮಾತೆತ್ತಿದವರಿಗೆ, “ಎರಡು ಮಕ್ಕಳ ಅಪ್ಪನಿಗೆ ಯಾರಪ್ಪಾ ಹೆಣ್ಣು ಕೊಡ್ತಾರೆ?” ಎಂದು ನಗುತ್ತಿದ್ದ. ಅಣ್ಣನನ್ನು ಪೈಲಟ್ ಮಾಡಿದ್ದೂ ಅವನೇ, ಯಜಮಾನರ ಕೈಕಾಲು ಹಿಡಿದು.

ಆರು ತಿಂಗಳ ಹಿಂದೆ ಮಾವನ ಮೊಣಕಾಲು ಕೈಕೊಟ್ಟಿತು. ಗೊತ್ತಾದರೆ ಕೆಲಸಕ್ಕೆ ಕುತ್ತು. ಸಾಲಿನ ಎಡತುದಿಯ ಪಟ್ಟಿ ಅವನದು, ಅದರ ಪಕ್ಕದ್ದು ಅವಳದು. “ದಿಬ್ಬದವರೆಗೆ ಹೇಗೋ ಬರ್ತೀನಿ ಪುಟ್ಟೀ. ಆಮೇಲೆ ಹುಲ್ಲಲ್ಲಿ ಕೂತ್ಬಿಡ್ತೀನಿ. ನಂದೂ ಒಂದು ಕಲ್ಲು ಹಾಕ್ಬಿಡು,” ಎಂದಿದ್ದ. ಅವಳು ಹಾಕಿದಳು. ದಿನಾ ಹಾಕಿದಳು. ಕಳ್ಳತನ ಅನ್ನಿಸಬಾರದೆಂದು ದಿಬ್ಬದಿಂದಾಚೆ ಎರಡು ಪಟ್ಟಿಯನ್ನೂ ತಾನೇ ಹಾವಿನಂತೆ ಅತ್ತಿತ್ತ ಸುತ್ತಿ ನೋಡುತ್ತಿದ್ದಳು. ಒಂದು ಮೊಳೆಯನ್ನೂ ಬಿಟ್ಟಿರಲಿಲ್ಲ.

ಇವತ್ತೂ ಹಾಕಿದ್ದಳು. ಅವಳು ಹಾಕಿದ ಆ ಕಲ್ಲನ್ನು ಎಣಿಸಿಯೇ ರೇಡಿಯೋ ಅಣ್ಣನಿಗೆ ‘ಖಾಲಿ ಇದೆ, ಇಳಿ’ ಎಂದಿದ್ದ.

ಹೇಳಿದರೆ ಮಾವ. ಹೇಳದಿದ್ದರೆ ಅಣ್ಣ. ಯಾವ ಕಡೆ ಹೆಜ್ಜೆ ಇಟ್ಟರೂ ತನ್ನ ಮನೆಯದೇ ಗೋಡೆ.

“ಗಂಟೆ ಮೂರೂವರೆ ಆಯ್ತು,” ಎಂದರು ಬರಿಗಾಲು ಸಾಹೇಬರು.

“ಸಾರ್, ಮೊಣಕಾಲು ನೋವಿರೋರು ಸುಳ್ಳು ಹೇಳಿದ್ರೆ… ಅಂದ್ರೆ, ಕೆಲಸ ಉಳಿಸ್ಕೊಳ್ಳೋಕೆ ಹೇಳಿದ್ರೆ, ಅದು ತಪ್ಪಾ?”

“ಅದಲ್ಲ ನಾನು ಕೇಳ್ತಿರೋದು.”

ಸೂಜಿ ಬೆರಳು ಚಾಚಿ ಸಾಲಿನಿಂದ ಒಂದು ಕಲ್ಲನ್ನು ಪಕ್ಕಕ್ಕೆ ಸರಿಸಿದಳು.

“ಇದೂ ನಾನೇ ಹಾಕಿದ್ದು.”

ಅವರು ಯಾರ ಪರವಾಗಿ ಎಂದು ಕೇಳಲಿಲ್ಲ. ಬಾಗಿಲ ಕಡೆ ತಿರುಗಿ, “ಮೇಸ್ತ್ರಿಗಳೇ, ಒಳಗೆ ಬನ್ನಿ,” ಎಂದರು.

ಮಾವ ಬಂದ. ಕೈಯಲ್ಲಿ ಬಟ್ಟೆ ಸುತ್ತಿದ ಊಟದ ಡಬ್ಬಿ. ಮೇಜಿನ ಮೇಲೆ ಆರು ಕಲ್ಲು ಒಂದು ಕಡೆ, ಒಂದು ಕಲ್ಲು ಒಂದು ಕಡೆ ಇದ್ದುದನ್ನು ನೋಡಿದ. ಸೋದರಸೊಸೆಯ ಮುಖ ನೋಡಿದ. ಊಟದ ಡಬ್ಬಿಯನ್ನು ಮೆಲ್ಲಗೆ ಅವಳ ಹತ್ತಿರ ಇಟ್ಟ.

“ಅಳಬೇಡ್ವೇ. ಹೇಳಿದ್ದು ಒಳ್ಳೇದೇ ಆಯ್ತು. ನನ್ನ ಬಾಯಿಗೆ ಬರ್ತಾ ಇರ್ಲಿಲ್ಲ ಅಷ್ಟೇ.”

“ಕೂತ್ಕೊಳ್ಳಿ,” ಎಂದರು ಸಾಹೇಬರು.

“ಕೂತ್ರೆ ಏಳೋದು ಕಷ್ಟ ಸಾರ್. ನಿಂತೇ ಹೇಳ್ತೀನಿ. ನಿನ್ನೆ ಸಂಜೆ ಆ ಗಾಡಿಯ ಚಕ್ರ ಸರಿ ಮಾಡಿ, ಉರುಳಿಸಿ ನೋಡೋಣ ಅಂತ ಹುಡುಗರ ಕೈಲಿ ದಿಬ್ಬದವರೆಗೆ ಎಳೆಸಿದ್ದೆ. ಅಲ್ಲೇ ಹುಲ್ಲಲ್ಲಿ ಬಿಟ್ಟು ಹೋದ್ವಿ. ಇವತ್ತು ಬೆಳಿಗ್ಗೆ ಸಾಲು ಮುಂದೆ ಹೋಯ್ತು. ನಾನು ಗಾಡಿಗೆ ಒರಗಿ ನಿಂತೆ. ಅದು ಜಾರ್ತು ಸಾರ್. ಉರುಳ್ಕೊಂಡು ರನ್‌ವೇ ಮಧ್ಯಕ್ಕೆ ಹೋಗಿ ನಿಂತ್ಕೊಂಡ್ತು. ಎಳೆಯೋಕೆ ಈ ಕಾಲು ಬಿಡ್ಲಿಲ್ಲ. ಕೂಗಿದೆ. ಯಾರಿಗೂ ಕೇಳ್ಲಿಲ್ಲ. ಅಷ್ಟರಲ್ಲಿ ವಿಮಾನ ಬಂತು.” ಅವನು ಮೇಜಿನಂಚಿಗೆ ಕೈ ಊರಿದ. “ನಾನು ಎತ್ತಿ ಆಡಿಸಿದ ಹುಡುಗ ಸಾರ್ ಅದರಲ್ಲಿ.”

“ಆಮೇಲೆ?”

“ಬಡಿದ ಮೇಲೆ ಗಾಡೀನ ಮೋರಿ ಕಡೆ ನೂಕಿದೆ. ಬೆಂಕಿ ಆರಿಸಿದೆ. ಹ್ಯಾಂಗರ್‌ನಿಂದ ತಂದೆ ಅಂತ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನನ್ನನ್ನ ಕರ್ಕೊಂಡು ಹೋಗಿ. ಹುಡುಗನದೇನೂ ತಪ್ಪಿಲ್ಲ.”

ಸೂಜಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಇದು ಯಾರೂ ಬೇಕೆಂದು ಮಾಡಿದ್ದಲ್ಲ. ಒಂದು ಕೆಟ್ಟ ಮೊಣಕಾಲು, ಒಂದು ಗಾಡಿ, ಒಂದು ಸುಳ್ಳು ಕಲ್ಲು. ಕೋರ್ಟಿನವರೂ ಮನುಷ್ಯರೇ ತಾನೆ. ಅವರಿಗೂ ಮೊಣಕಾಲಿರುತ್ತದೆ.

ಬರಿಗಾಲು ಸಾಹೇಬರು ತಮ್ಮ ಪಾದವನ್ನು ನೋಡಿಕೊಂಡರು. ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು.

“ಮೇಸ್ತ್ರಿಗಳೇ, ಮಳೆ ಬಂದ್ರೆ ರನ್‌ವೇ ನೀರು ಎಲ್ಲಿಗೆ ಹೋಗುತ್ತೆ?”

“ಮೋರಿಗೆ.”

“ದಿಬ್ಬದ ಹತ್ರಾನೂ?”

ಮಾವ ಊಟದ ಡಬ್ಬಿಯ ಬಟ್ಟೆಯ ಗಂಟು ಬಿಗಿಮಾಡಿದ.

“ದಿಬ್ಬದ ಹತ್ರಾನೂ ಮೋರಿಗೇ. ನಾನು ಅಲ್ಲಿ ನಡೆದಿದ್ದೀನಿ, ಕಾಲಿಗೆ ಗೊತ್ತಾಗುತ್ತೆ. ರನ್‌ವೇ ಎತ್ತರ, ಹುಲ್ಲು ತಗ್ಗು. ರನ್‌ವೇಯಿಂದ ಮೋರಿಗೆ ನೂಕೋಕೆ ಒಂದು ಕೈ ಸಾಕು, ಅದು ನಿಮ್ಮಿಂದ ಆಗಿರಬಹುದು. ಆದ್ರೆ ಹುಲ್ಲಿನಿಂದ ರನ್‌ವೇಗೆ ಗಾಡಿ ಜಾರಲ್ಲ. ಅದನ್ನ ಮೇಲಕ್ಕೆ ಎಳೀಬೇಕು. ನಿಮ್ಮ ಕಾಲಲ್ಲಿ ಒಬ್ಬರೇ ಎಳೆಯೋಕಾಗಲ್ಲ.” ಅವರ ದನಿ ಏರಲಿಲ್ಲ. “ಜೊತೆಗೆ ಯಾರಿದ್ರು?”

“ಯಾರೂ ಇರ್ಲಿಲ್ಲ. ನಾನೇ.”

“ಯಾಕೆ ಎಳೆದ್ರಿ?”

“ನಾನೇ ಅಂದ್ನಲ್ಲ ಸಾರ್! ಬರ್ಕೊಳ್ಳಿ! ರುಜು ಹಾಕ್ತೀನಿ!”

ಮಾವ ಕೂಗಿದ್ದನ್ನು ಸೂಜಿ ಜನ್ಮದಲ್ಲಿ ಮೊದಲ ಸಲ ಕೇಳಿದಳು. ಅವಳು ಕೈ ಇಳಿಸಿ ಅವನನ್ನು ನೋಡಿದಳು. ಅವನು ಅವಳ ಕಣ್ಣನ್ನು ತಪ್ಪಿಸಿ, ಮೊಳೆ ಹೊಡೆದ ಕಿಟಕಿಯ ಕಡೆ ತಿರುಗಿಕೊಂಡ.

ಗೋಡೆಯ ಮೇಲಿನ ಫೋನು ಬಡಿದುಕೊಂಡಿತು. ಸಾಹೇಬರೇ ಎತ್ತಿದರು. ರೇಡಿಯೋನ ಗಂಟಲು ಕೋಣೆಗೆಲ್ಲ ಕೇಳಿಸಿತು. “ಸಾರ್, ಆಸ್ಪತ್ರೆಯಿಂದ! ಸೂಜಿಯ ಅತ್ತಿಗೆ. ತುಂಬಾ ಖುಷೀಲಿದ್ದಾರೆ ಸಾರ್, ಕೊಡ್ಲಾ?”

“ಕೊಡು.” ಅವರು ರಿಸೀವರನ್ನು ಸೂಜಿಗೆ ದಾಟಿಸಿದರು. “ಮಾತಾಡಮ್ಮ. ಇಲ್ಲೇ.”

ಅತ್ತಿಗೆಯ ದನಿ ಸಣ್ಣದು. ಕಿವಿಗೆ ಒತ್ತಿ ಹಿಡಿಯಬೇಕಾಯಿತು.

“ಕಣ್ಣು ಬಿಟ್ರು ಕಣೇ! ಈಗ, ಈಗಷ್ಟೇ! ಡಾಕ್ಟ್ರು ಏನೂ ಭಯ ಇಲ್ಲ ಅಂದ್ರು. ನನ್ನ ಗುರುತು ಹಿಡಿದ್ರು. ನಾನು ಅತ್ತೂ ಅತ್ತೂ… ನಿಮ್ಮಣ್ಣ ನೋಡು, ನನ್ನ ಹೇಗಿದ್ದೀಯ ಅಂತಾದ್ರೂ ಕೇಳ್ಬೇಕಾ? ಯಜಮಾನರ ವಿಷಯವಾದ್ರೂ ಕೇಳ್ಬೇಕಾ? ಬಾಯಿ ಬಿಟ್ಟು ಮೊದಲು ಕೇಳಿದ್ದೇ, ‘ಮಾವ ಗಾಡಿ ತೆಗೆದ್ರಾ?’ ಅಂತ. ಎರಡು ಸಲ ಕೇಳಿದ್ರು. ‘ಯಾರೂ ನೋಡೋಕೆ ಮುಂಚೆ ತೆಗೆದ್ರಾ?’ ಅಂತ. ಯಾವ ಗಾಡಿನೇ ಅದು?”

ಎದುರಿಗಿದ್ದದ್ದು ಏನಂತ ಗೊತ್ತಾಗಲಿಲ್ಲ ಅಂದಿದ್ದ ಅಣ್ಣನಿಗೆ ಅದು ಗಾಡಿ ಎಂದು ಮೊದಲೇ ಗೊತ್ತಿತ್ತು.

“ಕೇಳಿಸ್ತಾ ಇದೆಯೇನೇ? ಬಾಗಿಲಲ್ಲಿರೋ ಪೊಲೀಸಿನವರು ಬಂದು ನಿಂತಿದ್ದಾರೆ. ಎಚ್ಚರ ಆದ ಕೂಡ್ಲೇ ಏನಂದ್ರು ಅಂತ ಕೇಳ್ತಿದ್ದಾರೆ. ಪಾಪ, ಒಳ್ಳೆಯವರು, ಬೆಳಿಗ್ಗೆಯಿಂದ ನನಗೆ ನೀರು ತಂದುಕೊಟ್ಟಿದ್ದಾರೆ. ಹೇಳ್ಬಿಡ್ಲಾ?”

ಮಾವ ಕಿಟಕಿಯಿಂದ ತಿರುಗಿದ್ದ. ಒಂದು ಮಾತೂ ಅವನಿಗೆ ಕೇಳಿಸಿರಲು ಸಾಧ್ಯವಿರಲಿಲ್ಲ. ಆದರೂ ಅವಳ ಮುಖದಲ್ಲಿ ಎಲ್ಲವನ್ನೂ ಓದಿಕೊಂಡವನಂತೆ ಅವನ ತುಟಿ ಬಿಳಿಚಿತು. ಕೂತರೆ ಏಳಲಾಗದ ಮಾವ ಗೋಡೆ ಹಿಡಿದು ನೆಲಕ್ಕೆ ಕುಸಿದು ಕೂತ.

“ಹೇಳೇ,” ಎಂದಳು ಅತ್ತಿಗೆ. “ಕಾಯ್ತಾ ಇದ್ದಾರೆ.”

ಬರಿಗಾಲು ಸಾಹೇಬರು ಎದ್ದು ಬಂದು ಕೈ ಚಾಚಿದರು.

“ಫೋನ್ ಇಲ್ಲಿ ಕೊಡಮ್ಮ.”